ಅಂಬಾಸಿಡರ್ ಬ್ರೇಕ್ ಹಿಡಿಯದಿದ್ದಾಗ ನಾನು ಮಾಡಿದ್ದು

ನನ್ನದು 1978ರ ಮಾರ್ಕ್ 3 ಅಂಬಾಸಿಡರ್, ಪೆಟ್ರೋಲ್, ಹ್ಯಾಂಡ್ ಗೇರ್ (ಸ್ಟೀರಿಂಗ್ ಪಕ್ಕದ ಗೇರ್). ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್, ಪೆಡಲ್ ಒತ್ತಿದಾಗ ಒಳಗಿನಿಂದ ಅದಕ್ಕೆ ಒತ್ತಿಕೊಳ್ಳುವ ಎರಡು ಬಾಗಿದ ಶೂ, ಶೂ ಮೇಲೆ ಉಜ್ಜಿ ಹಿಡಿಯುವ ಲೈನರ್. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಮೂವತ್ತು ನಲವತ್ತರಲ್ಲಿ ಓಡಿಸುವಾಗ ಎಲ್ಲ ಸರಿಯಾಗಿಯೇ ಇದೆ ಅನಿಸುತ್ತಿತ್ತು.

ಸರಿಯಿಲ್ಲ ಅಂತ ಗೊತ್ತಾಗಿದ್ದು ಚಾರ್ಮಾಡಿ ಘಾಟಿಯಲ್ಲಿ. ಧರ್ಮಸ್ಥಳಕ್ಕೆ ಹೊರಟಿದ್ದೆವು, ಮನೆಯವರು ಐದು ಜನ, ಡಿಕ್ಕಿ ತುಂಬ ಲಗೇಜು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯಲು ಶುರು ಮಾಡಿದೆ. ನಾಲ್ಕೈದು ತಿರುವು ಆಗುವಷ್ಟರಲ್ಲಿ ಪೆಡಲ್ ಸ್ವಲ್ಪ ಸ್ವಲ್ಪವೇ ಕೆಳಗೆ ಹೋಗತೊಡಗಿತು. ಆಮೇಲೆ ಸುಟ್ಟ ವಾಸನೆ. ಅಮ್ಮ "ಏನೋ ಕರಕಲು ವಾಸನೆ ಬರ್ತಿದೆಯಲ್ಲೋ" ಅಂದರು, ನಾನು ಮುಂದಿನ ಲಾರಿಯದು ಅಂತ ಸುಳ್ಳು ಹೇಳಿದೆ. ಎರಡನೇ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಮೇಲೆ ಒಂದು ಕೈ ಇಟ್ಟುಕೊಂಡು, ಒಂದು ಅಗಲವಾದ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿದೆ. ಅರ್ಧ ಗಂಟೆ ತಣ್ಣಗಾದ ಮೇಲೆ ಪೆಡಲ್ ಏನೂ ಆಗದ ಹಾಗೆ ಮತ್ತೆ ಮೇಲೆ ಬಂದಿತ್ತು!

ಹೀಗಾಗುವುದಕ್ಕೆ ಕಾರಣ ಸುಲಭ. ಡ್ರಮ್ ಬಿಸಿಯಾದರೆ ಹಿಗ್ಗುತ್ತದೆ, ಅಂದರೆ ಶೂನಿಂದ ದೂರ ಹೋಗುತ್ತದೆ, ಹಾಗಾಗಿ ಪೆಡಲ್ ಜಾಸ್ತಿ ಒತ್ತಬೇಕು. ಜೊತೆಗೆ ಲೈನರ್ ಬಿಸಿಯಾದರೆ ಅದರ ಹಿಡಿತವೂ ಕಡಿಮೆ. ಡ್ರಮ್ ಮುಚ್ಚಿದ ಡಬ್ಬಿ ಇದ್ದ ಹಾಗೆ, ಬಿಸಿ ಬೇಗ ಹೊರಗೆ ಹೋಗುವುದಿಲ್ಲ. ಇದು ಎಲ್ಲ ಡ್ರಮ್ ಬ್ರೇಕಿಗೂ ಇದ್ದದ್ದೇ. ಆದರೆ ಇದೇ ಕಾರುಗಳು ದಶಕಗಟ್ಟಲೆ ಟ್ಯಾಕ್ಸಿಯಾಗಿ ಘಾಟಿ ಹತ್ತಿ ಇಳಿದಿವೆ, ಅಲ್ವಾ? ನನ್ನದು ನಾಲ್ಕೇ ತಿರುವಿಗೆ ಸೋಲುತ್ತದೆ ಅಂದರೆ ಬೇರೆ ಏನೋ ಇರಬೇಕು ಅನಿಸಿತು.

ಊರಿಗೆ ಬಂದು ಕೇಳಿದವರೆಲ್ಲ ಹೇಳಿದ್ದು ಎರಡೇ ಮಾತು. ಡ್ರಮ್ ಬದಲು ಡಿಸ್ಕ್ ಬ್ರೇಕ್ ಹಾಕಿಸಿ, ಇಲ್ಲ ಪೆಡಲ್ ಒತ್ತಡ ಹೆಚ್ಚಿಸುವ ಬೂಸ್ಟರ್ ಹಾಕಿಸಿ. ನಾನು ಆತುರಕ್ಕೆ ಒಂದು ವ್ಯಾಕ್ಯೂಮ್ ಬೂಸ್ಟರ್ ಕೊಂಡೂ ಬಿಟ್ಟೆ. ಅದನ್ನು ಕೂರಿಸಲು ಕೇಳಿದಾಗ ನಮ್ಮ ಏರಿಯಾದ ಹಳೇ ಮೇಸ್ತ್ರಿ ನಕ್ಕರು. "ಸಾರ್, ಇದು ನಿಮ್ಮ ಕಾಲಿಗೆ ಸುಲಭ ಮಾಡುತ್ತೆ ಅಷ್ಟೇ. ಒಳಗೆ ಶೂ ಡ್ರಮ್ಮಿಗೆ ಕೂತಿದೆಯೋ ಇಲ್ವೋ ಮೊದಲು ನೋಡಿ." ಡ್ರಮ್ ಒಳಗೆ ಸೀಮೆಸುಣ್ಣ ಬಳಿದು ನೋಡುವುದನ್ನೂ ಅವರೇ ಹೇಳಿಕೊಟ್ಟರು.

ಒಂದು ಭಾನುವಾರ ಮುಂದಿನ ಎಡ ಚಕ್ರ ಬಿಚ್ಚಿದೆ. ಒಳಗಿನ ಕಪ್ಪು ಪುಡಿಯನ್ನು ಬಾಯಲ್ಲಿ ಊದಬೇಡಿ, ಏರ್ ಹೊಡೆಯಬೇಡಿ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ನಾನು ಮಾಸ್ಕ್ ಹಾಕಿ, ಸೋಪು ನೀರಲ್ಲಿ ನೆನೆಸಿ ಒರೆಸಿದೆ. ಸೀಮೆಸುಣ್ಣ ಬಳಿದು, ಡ್ರಮ್ ಹಾಕಿ, ತಿರುಗಿಸುತ್ತಾ ಮಗನ ಕೈಲಿ ಪೆಡಲ್ ಮೆಲ್ಲಗೆ ಒತ್ತಿಸಿದೆ. ತೆಗೆದು ನೋಡಿದರೆ ಶೂ ನಡುವೆ ಎರಡು ಬೆರಳಗಲ ಮಾತ್ರ ಬಿಳಿ. ಎರಡೂ ತುದಿ ಕರ್ರಗೆ ಹಾಗೇ ಇದ್ದವು. ಅಂದರೆ ಅಷ್ಟುದ್ದದ ಲೈನರ್‌ನಲ್ಲಿ ಕೆಲಸ ಮಾಡುತ್ತಿದ್ದುದು ಆ ಎರಡು ಬೆರಳಗಲವೇ. ಎಲ್ಲ ಬಿಸಿಯೂ ಅಲ್ಲೇ.

ಹೀಗಾಗಿದ್ದು ಯಾಕೆ ಅಂದರೆ, ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಡ್ರಮ್ಮನ್ನು ಲೇತಿಗೆ ಕೊಟ್ಟು ಒಳಗೆ ಕೊರೆಸಿದ್ದಾರೆ. ಡ್ರಮ್ಮಿನ ಸುತ್ತು ದೊಡ್ಡದಾಯಿತು. ಶೂ ಮಾತ್ರ ಹಳೇ ಅಳತೆಯದೇ. ದೊಡ್ಡ ಬಾಣಲೆಯೊಳಗೆ ಚಿಕ್ಕ ಬಟ್ಟಲು ಇಟ್ಟರೆ ತಳ ಮಾತ್ರ ತಾಗುತ್ತದಲ್ಲ, ಹಾಗೆ. ಓಡಿಸುತ್ತಾ ಓಡಿಸುತ್ತಾ ಸವೆದು ಕೂರುತ್ತದೆ ಅಂತ ಅವತ್ತು ನನಗೆ ಹೇಳಿದ್ದರು. ಕೂರುವುದೇನೋ ನಿಜ, ಆದರೆ ನಾನು ವರ್ಷಕ್ಕೆ ಓಡಿಸುವುದೇ ಸಾವಿರ ಕಿಲೋಮೀಟರ್, ಯಾವಾಗ ಕೂತೀತು.

ಹೊಸ ಲೈನರ್ ತರಲು ಜೆ.ಸಿ. ರೋಡಿಗೆ ಹೋದೆ. ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ "ಟ್ಯಾಕ್ಸಿಗೋ, ಸ್ವಂತಕ್ಕೋ?" ಟ್ಯಾಕ್ಸಿಯವರು ಬಾಳಿಕೆಗೆ ಅಂತ ಗಟ್ಟಿ ಲೈನರ್ ಕೇಳುತ್ತಿದ್ದರಂತೆ. ನಾನು ಸ್ವಲ್ಪ ಮೆತ್ತನೆಯದು, ಆಸ್ಬೆಸ್ಟಾಸ್ ಇಲ್ಲದ್ದು ತೆಗೆದುಕೊಂಡೆ. ಬೇಗ ಸವೆದರೆ ಸವೆಯಲಿ, ಕಚ್ಚಲಿ.

ಇನ್ನು ನಿಜವಾದ ಕೆಲಸ. ಡ್ರಮ್ ಒಳಗೆ ತೆಳು ಉಪ್ಪುಕಾಗದ, 80 ನಂಬರಿನದು, ಸುತ್ತಲೂ ಅಂಟಿಸಿದೆ. ಒಂದೊಂದೇ ಶೂ ಹಿಡಿದು ಒಳಗೆ ಆ ಕಡೆ ಈ ಕಡೆ ಉಜ್ಜುವುದು. ನಡುವಿನ ಉಬ್ಬು ಸವೆದು ತುದಿಗಳು ತಾಗುವವರೆಗೆ. ಅಂಗಳದಲ್ಲಿ ಕೂತು, ಆಗಾಗ ನೀರು ಚಿಮುಕಿಸುತ್ತಾ, ಒಂದು ಶೂಗೆ ಮುಕ್ಕಾಲು ಗಂಟೆ. ಎಂಟು ಶೂ. ಲೆಕ್ಕ ಹಾಕಿ! ಕಾಗದ ದಪ್ಪ ಇರಬಾರದು. ಅದರ ದಪ್ಪದಷ್ಟೂ ಡ್ರಮ್ ಚಿಕ್ಕದಾದ ಹಾಗೆ, ಉಜ್ಜಿದ್ದೆಲ್ಲ ಮತ್ತೆ ನಡುವೆ ಮಾತ್ರ ತಾಗುವ ಹಾಗಾಗುತ್ತದೆ. ಮೊದಲನೇ ಶೂಗೆ ನಾನು ಈ ತಪ್ಪು ಮಾಡಿದ್ದೆ. ಕೊನೆಗೆ ಶೂ ತುದಿಗಳ ಅಂಚನ್ನು ಅರದಿಂದ ಸ್ವಲ್ಪ ಇಳಿಜಾರು ಮಾಡಿದೆ, ಇಲ್ಲದಿದ್ದರೆ ಕಿರುಚುತ್ತದೆ.

ಬಿಚ್ಚಿದ್ದಾಗಲೇ ಉಳಿದದ್ದನ್ನೂ ನೋಡಿದೆ. ಹಿಂದಿನ ಬಲ ಚಕ್ರದಲ್ಲಿ ಆಯಿಲ್ ಸೀಲ್ ಹೋಗಿ ಹಿಂದಿನ ಆಕ್ಸಲ್ ಹೌಸಿಂಗಿನ ಎಣ್ಣೆ ಶೂಗೆ ಬಂದಿತ್ತು. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಲ್ಲಿ ತೊಳೆದರೂ ಪ್ರಯೋಜನವಿಲ್ಲ, ಬಿಸಿಯಾದಾಗ ಮತ್ತೆ ಒಸರುತ್ತದೆ. ಸೀಲ್ ಹೊಸದು ಹಾಕಿದೆ. ಶೂಗಳನ್ನು ಡ್ರಮ್ಮಿಗೆ ತಳ್ಳುವ ವೀಲ್ ಸಿಲಿಂಡರ್‌ಗಳಿಗೆ ಹೊಸ ಬಕೆಟ್ ಕಿಟ್ (ಒಳಗಿನ ರಬ್ಬರ್‌ಗಳು). ಬ್ರೇಕ್ ಆಯಿಲ್ ಹೋಗುವ ರಬ್ಬರ್ ಹೋಸ್‌ಗಳು ಹೊರಗೆ ಚೆನ್ನಾಗಿಯೇ ಕಂಡವು, ಕತ್ತರಿಸಿ ನೋಡಿದರೆ ಒಂದರ ಒಳಗೆ ಊದಿಕೊಂಡು ತೂತು ಸೂಜಿಯಷ್ಟಾಗಿತ್ತು. ಈ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನ್, ಒಂದು ಹೋಸ್ ಒಡೆದರೆ ನಾಲ್ಕೂ ಹೋಯಿತು. ಹೋಸಿಗೆ ದುಡ್ಡು ಉಳಿಸಬೇಡಿ.

ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 (ಬ್ರೇಕ್ ಆಯಿಲಿನ ಒಂದು ದರ್ಜೆ) ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಅದೇ ಅಳತೆ 140ಕ್ಕೆ ಇಳಿಯುತ್ತದೆ. ಕುದ್ದರೆ ಆವಿ, ಆವಿಯಾದರೆ ಪೆಡಲ್ ನೆಲಕ್ಕೆ. ಡಾಟ್ 4 ಹಾಕಿ, ಮಗನನ್ನೇ ಕೂರಿಸಿ ಪಂಪ್ ಹೊಡೆಸಿ ಏರ್ ತೆಗೆದೆ.

ಶೂಗೂ ಡ್ರಮ್ಮಿಗೂ ನಡುವಿನ ಸಂದು ಅಡ್ಜಸ್ಟ್ ಮಾಡುವಾಗ ಒಂದು ವಿಷಯ. ಹಿಂದಿನ ಚಕ್ರ ಅಡ್ಜಸ್ಟ್ ಮಾಡುವ ಮೊದಲು ಹ್ಯಾಂಡ್ ಬ್ರೇಕ್ ಕೇಬಲ್ ಪೂರ್ತಿ ಸಡಿಲ ಬಿಡಿ, ಇಲ್ಲದಿದ್ದರೆ ಕೇಬಲ್ಲೇ ಶೂ ಎಳೆದಿಟ್ಟು ಮೋಸ ಮಾಡುತ್ತದೆ. ಮುಂದೆ ಪ್ರತಿ ಚಕ್ರಕ್ಕೆ ಎರಡೆರಡು ಅಡ್ಜಸ್ಟರ್, ಎರಡನ್ನೂ ಬೇರೆ ಬೇರೆ ಮಾಡಬೇಕು. ಚಕ್ರ ತಿರುಗದೆ ನಿಲ್ಲುವವರೆಗೆ ಬಿಗಿ, ಒಮ್ಮೆ ಪೆಡಲ್ ಒತ್ತಿ, ಮತ್ತೆ ಬಿಗಿ, ಆಮೇಲೆ ಸಲೀಸಾಗಿ ತಿರುಗುವಷ್ಟು ಸಡಿಲ.

ಹೊಸ ಲೈನರ್ ಡ್ರಮ್ಮಿಗೆ ಕೂರಲಿ ಅಂತ ಮೊದಲ ದಿನ ನೈಸ್ ರಸ್ತೆಯ ಪಕ್ಕದ ಖಾಲಿ ಸರ್ವಿಸ್ ರೋಡಿನಲ್ಲಿ ಐವತ್ತರಿಂದ ಇಪ್ಪತ್ತಕ್ಕೆ, ಮೆಲ್ಲಗೆ, ಹದಿನೈದು ಸಲ ಇಳಿಸಿದೆ. ನಡುನಡುವೆ ತಣ್ಣಗಾಗಲು ಬಿಟ್ಟೆ. ಪೂರ್ತಿ ನಿಲ್ಲಿಸಲಿಲ್ಲ. ವಾರದ ನಂತರ ಮತ್ತೆ ಸೀಮೆಸುಣ್ಣ ಬಳಿದರೆ ಶೂ ಮುಕ್ಕಾಲು ಪಾಲು ಬೆಳ್ಳಗಾಗಿತ್ತು.

ಮೂರು ತಿಂಗಳ ಮೇಲೆ ಅದೇ ಐದು ಜನ, ಅದೇ ಚಾರ್ಮಾಡಿ. ಈ ಸಲ ಮೇಲಿನಿಂದಲೇ ಎರಡು ಮೂರನೇ ಗೇರಿನಲ್ಲಿ ಇಳಿದೆ, ಅದೂ ಲೆಕ್ಕಕ್ಕೆ ಬರುತ್ತದೆ, ಪೂರ್ತಿ ಶೂಗೆ ಹೊಗಳಿಕೆ ಕೊಡಲಾರೆ. ಕೆಳಗೆ ತಲುಪುವ ಹೊತ್ತಿಗೆ ಪೆಡಲ್ ಒಂದು ಬೆರಳಿನಷ್ಟು ಇಳಿದಿತ್ತು, ವಾಸನೆ ಇರಲಿಲ್ಲ.

ಸರಿಹೋಗದೆ ಉಳಿದದ್ದು ರಿವರ್ಸ್. ಮುಂದಿನ ಎರಡೂ ಶೂ ಮುಂದಕ್ಕೆ ಹೋಗುವಾಗ ತಾವೇ ಡ್ರಮ್ಮಿಗೆ ಕಚ್ಚಿಕೊಳ್ಳುವ ಜೋಡಣೆ ಇದು, ಹಿಂದಕ್ಕೆ ಹೋಗುವಾಗ ಆ ಸಹಾಯ ಇಲ್ಲ. ನಮ್ಮ ಮನೆ ಗೇಟಿನ ಮುಂದೆ ಏರು, ಹೊರಗೆ ತೆಗೆಯುವಾಗ ಕಾರು ಇಳಿಜಾರಿನಲ್ಲಿ ಹಿಂದಕ್ಕೆ ಜಾರುತ್ತದೆ. ಅಲ್ಲಿ ಪೆಡಲ್ ಮೇಲೆ ನಿಂತೇ ಬಿಡಬೇಕು. ಅದಕ್ಕೆ ಒಂದು ಮರದ ತುಂಡು ಇಟ್ಟುಕೊಂಡಿದ್ದೇವೆ, ಮಗ ಹಿಡಿದು ನಿಂತಿರುತ್ತಾನೆ.