ಮೊದಲು ಸರ್ಕಾರಿ ಕಾರ್ಡ್, ಆಮೇಲೆ ಖಾಸಗಿ ಪಾಲಿಸಿ: ಮುಂಬೈಯಲ್ಲಿ ಆರೋಗ್ಯ ವಿಮೆ ಮಾಡಿಸುವ ಬಗೆ

ಸಯನ್‌ನ ಹೋಟೆಲೊಂದರಲ್ಲಿ ಕೆಲಸ ಮಾಡುವ ಕುಂದಾಪುರದ ಒಬ್ಬರು ಮೊನ್ನೆ ಸಿಕ್ಕಿದ್ದರು. ಮನೆಯವರಿಗೆಲ್ಲ ಸೇರಿಸಿ ಖಾಸಗಿ ಕಂಪನಿಯ ಪಾಲಿಸಿ ಮಾಡಿಸಬೇಕು, ಯಾವುದು ಒಳ್ಳೇದು ಎಂದು ಕೇಳಿದರು. ಸಂಬಳದ ಚೀಟಿ ಇದೆಯಾ ಎಂದೆ. ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಬಿಡಿಸಿದರು. ಸಂಬಳ 16,000. ಕೆಳಗೆ ಒಂದು ಸಾಲು: ಇಎಸ್‌ಐ 120. 'ಅದು ತಿಂಗಳು ತಿಂಗಳು ಹೋಗ್ತದೆ, ಎಂತಕ್ಕೆ ಅಂತ ಗೊತ್ತಿಲ್ಲ ಮಾರಾಯ್ರೆ' ಎಂದರು.

ಇಎಸ್‌ಐ ಅಂದರೆ ಕೆಲಸಗಾರರಿಗೆ ಇರುವ ಸರ್ಕಾರಿ ವಿಮೆ. ಆ 120 ರೂಪಾಯಿಗೆ ಸಿಗುವುದನ್ನು ಯಾವ ಖಾಸಗಿ ಕಂಪನಿಯೂ ಅದೇ ಬೆಲೆಗೆ ಕೊಡಲಾರದು. ಹಾಗಂತ ಖಾಸಗಿ ಪಾಲಿಸಿ ಬೇಡವೇ ಬೇಡ ಅಂತಲೂ ನಾನು ಹೇಳುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಮುಖ್ಯ.

1. ಈಗಾಗಲೇ ಏನಿದೆ ನೋಡಿಕೊಳ್ಳಿ

ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಹೋಟೆಲು, ಅಂಗಡಿ, ಕಾರ್ಖಾನೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಇರಲೇಬೇಕು. ಕೆಲಸಗಾರನ ಪಾಲು ಸಂಬಳದ ಶೇ 0.75, ಮಾಲೀಕರ ಪಾಲು ಶೇ 3.25. ಹೆಂಡತಿ, ಮಕ್ಕಳು, ನಿಮ್ಮನ್ನೇ ನಂಬಿರುವ ಅಪ್ಪ ಅಮ್ಮ ಎಲ್ಲರೂ ಇದರಲ್ಲಿ ಬರುತ್ತಾರೆ. ಜ್ವರಕ್ಕೆ ಡಾಕ್ಟರನ್ನು ನೋಡಿ ಮಾತ್ರೆ ತರುವುದೂ ಸೇರಿದೆ. ಖಾಸಗಿ ಪಾಲಿಸಿಗಳಲ್ಲಿ ಹೆಚ್ಚಿನವು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತವೆ. ಅಂಧೇರಿ, ಕಾಂದಿವಲಿ, ಮುಲುಂಡ್, ವರ್ಲಿಗಳಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ಊರಲ್ಲಿರುವ ಅಪ್ಪ ಅಮ್ಮನ ಹೆಸರು ಸೇರಿಸಿದೆಯಾ ಎಂದು ಇವತ್ತೇ ಕೇಳಿ.

2. ರೇಷನ್ ಕಾರ್ಡ್ ಎಲ್ಲಿದೆ?

ನಮ್ಮವರು ಎಡವುವುದು ಇಲ್ಲೇ. ಮೂವತ್ತು ವರ್ಷ ಮುಂಬೈಯಲ್ಲಿದ್ದರೂ ರೇಷನ್ ಕಾರ್ಡ್ ಮಾತ್ರ ಊರಿನ ಮನೆಯ ಕಪಾಟಿನಲ್ಲಿ.

ಮಹಾರಾಷ್ಟ್ರದಲ್ಲಿ 2012ರಲ್ಲಿ ರಾಜೀವ್ ಗಾಂಧಿ ಹೆಸರಿನಲ್ಲಿ ಶುರುವಾದ ಯೋಜನೆಗೆ ಈಗ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಎಂದು ಹೆಸರು. ಮೊದಲು ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಉಚಿತ ಚಿಕಿತ್ಸೆ ಇತ್ತು, ಅದನ್ನು 5 ಲಕ್ಷ ಮಾಡಿದ್ದಾರೆ. ಕಡಿಮೆ ಆದಾಯದ ಹಳದಿ, ಕೇಸರಿ ರೇಷನ್ ಕಾರ್ಡಿನವರಿಗಷ್ಟೇ ಇದ್ದದ್ದು ಈಗ ಆದಾಯ ಜಾಸ್ತಿ ಇರುವ ಬಿಳಿ ಕಾರ್ಡಿನವರಿಗೂ ಸಿಗುತ್ತದೆ. ಹಾಗಾಗಿ ಇಲ್ಲಿಯ ರೇಷನ್ ಕಾರ್ಡ್ ಅಥವಾ ವಾಸದ ದಾಖಲೆ ಮಾಡಿಸಿಕೊಳ್ಳಿ. ಊರಿನ ಕಾರ್ಡ್ ಇಟ್ಟುಕೊಂಡೇ ಇಲ್ಲಿ ಇನ್ನೊಂದು ಮಾಡಿಸಲು ಆಗುವುದಿಲ್ಲ, ಅಲ್ಲಿ ಹೆಸರು ತೆಗೆಸಬೇಕು. ಅದಕ್ಕೆ ಮುಂಚೆ ಮನೆಯವರ ಜೊತೆ ಮಾತಾಡಿ. ನಿಮ್ಮ ಕುಟುಂಬ ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯಾದ ಆಯುಷ್ಮಾನ್ ಪಟ್ಟಿಯಲ್ಲಿದ್ದರೆ ಆ ಕಾರ್ಡ್ ಮುಂಬೈಯಲ್ಲೂ ನಡೆಯುತ್ತದೆ.

3. ಎಪ್ಪತ್ತು ದಾಟಿದವರ ಕಾರ್ಡ್ ತಡಮಾಡಬೇಡಿ

2024ರ ಅಕ್ಟೋಬರ್ 29ರಿಂದ 70 ತುಂಬಿದ ಎಲ್ಲರಿಗೂ ಆಯುಷ್ಮಾನ್ ವಯ ವಂದನಾ ಕಾರ್ಡ್ ಸಿಗುತ್ತದೆ. ಬಡವರೋ ಶ್ರೀಮಂತರೋ ಕೇಳುವುದಿಲ್ಲ. ವರ್ಷಕ್ಕೆ 5 ಲಕ್ಷ. ಖಾಸಗಿ ಪಾಲಿಸಿ ಇದ್ದರೂ ಮಾಡಿಸಬಹುದು. ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್‌ನಂಥ ಸೌಲಭ್ಯ ಇರುವವರು ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ನನ್ನ ಅಪ್ಪನ ಕಾರ್ಡ್ ಮಾಡಿಸಲು ಕೂತಾಗ ಬೆರಳಚ್ಚು ಹೊಂದಲೇ ಇಲ್ಲ. ನಲವತ್ತು ವರ್ಷ ಅಡುಗೆಮನೆಯಲ್ಲಿ ದುಡಿದ ಕೈ, ಹೆಬ್ಬೆರಳಿನ ಗೆರೆಗಳೆಲ್ಲ ಸವೆದು ನುಣ್ಣಗಾಗಿವೆ. ಆಧಾರ್‌ಗೆ ಕೊಟ್ಟಿದ್ದ ಮೊಬೈಲ್ ನಂಬರು ಬಂದ್ ಆಗಿ ಯಾವುದೋ ಕಾಲವಾಗಿತ್ತು. ಕೊನೆಗೆ ಕಿಟಕಿ ಹತ್ತಿರ ಕೂರಿಸಿ, ಕನ್ನಡಕ ತೆಗೆಸಿ, ಮುಖ ತೋರಿಸಿದ ಮೇಲೆ ಆಯಿತು. ನೀವು ಮೊದಲು ಆಧಾರ್‌ನಲ್ಲಿ ಮೊಬೈಲ್ ನಂಬರ್ ಸರಿ ಮಾಡಿಸಿ. ಆಮೇಲೆ ಆಯುಷ್ಮಾನ್ ಆ್ಯಪ್‌ನಲ್ಲಿ ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು.

ಈ ಕಾರ್ಡಿನ ಬೆಲೆ ಗೊತ್ತಾಗುವುದು ಶುಗರ್, ಬಿಪಿ, ಹೃದಯದ ತೊಂದರೆ ಇರುವ ಮನೆಯಲ್ಲಿ. ಹಳೇ ಕಾಯಿಲೆಗೂ ಮೊದಲ ದಿನದಿಂದಲೇ ಚಿಕಿತ್ಸೆ ಸಿಗುತ್ತದೆ. ಖಾಸಗಿ ಪಾಲಿಸಿಯಲ್ಲಿ ಹಳೇ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸಬಹುದು. 65 ದಾಟಿದವರಿಗೂ ಕಂಪನಿಗಳು ಪಾಲಿಸಿ ಕೊಡಬಹುದು ಎಂದು 2024ರಲ್ಲಿ ನಿಯಮ ಸಡಿಲಿಸಿದರು ನಿಜ. ಆದರೆ ಆ ವಯಸ್ಸಿಗೆ ಕೇಳುವ ಪ್ರೀಮಿಯಂ ಕಟ್ಟುವುದು ಸಾಮಾನ್ಯರಿಗೆ ಕಷ್ಟ. ವಯಸ್ಸಾದವರ ವಿಷಯದಲ್ಲಿ ಖಾಸಗಿ ಕಂಪನಿಗಳು ಸರ್ಕಾರದ ಜೊತೆ ಪೈಪೋಟಿ ಮಾಡಲಾರವು ಅನ್ನುವುದು ನನ್ನ ಅಭಿಪ್ರಾಯ.

4. ಆಸ್ಪತ್ರೆಗೆ ಹೋಗಿ ಕೇಳಿ

ಖಾಸಗಿ ಪಾಲಿಸಿಯ ಬಲ ಇರುವುದು ಇಲ್ಲಿ. ಸರ್ಕಾರಿ ಯೋಜನೆ ಒಂದೊಂದು ಚಿಕಿತ್ಸೆಗೂ ಪ್ಯಾಕೇಜ್ ದರ ಗೊತ್ತು ಮಾಡಿದೆ. ಆ ದರಕ್ಕೆ ಒಪ್ಪದ ದೊಡ್ಡ ಆಸ್ಪತ್ರೆಗಳು ಪಟ್ಟಿಗೆ ಸೇರುವುದಿಲ್ಲ. ಸೇರಿದ ಆಸ್ಪತ್ರೆಯಲ್ಲೂ ಕೆಲವೊಮ್ಮೆ ಕಿಡ್ನಿ ಚಿಕಿತ್ಸೆಗೆ ಕಾರ್ಡ್ ನಡೆಯುತ್ತದೆ, ಮೂಳೆಯದಕ್ಕೆ ನಡೆಯುವುದಿಲ್ಲ. ಮುಂಬೈ ಪಾಲಿಕೆಯ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಒಳ್ಳೆಯ ಡಾಕ್ಟರಿದ್ದಾರೆ, ಜೊತೆಗೆ ಉದ್ದ ಸರತಿಯೂ ಇದೆ. ಹಾಗಾಗಿ ಆರೋಗ್ಯ ಸರಿಯಿರುವಾಗಲೇ ಮನೆ ಹತ್ತಿರದ ಎರಡು ಮೂರು ಆಸ್ಪತ್ರೆಗೆ ಹೋಗಿ, 'ಆರೋಗ್ಯ ಮಿತ್ರ' ಎಂಬ ಬೋರ್ಡು ಹುಡುಕಿ. ಯೋಜನೆಯವರು ಕೂರಿಸಿದ ಜನ ಅವರು. ಇಲ್ಲಿ ಯಾವ ಯಾವ ಚಿಕಿತ್ಸೆಗೆ ಕಾರ್ಡ್ ನಡೆಯುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಯೋಜನೆಯಡಿ ದಾಖಲಾದ ಮೇಲೆ ಪ್ಯಾಕೇಜಿಗೆ ಸೇರಿದ ಖರ್ಚನ್ನು ರೋಗಿಯಿಂದ ಕೇಳುವ ಹಾಗಿಲ್ಲ.

5. ಈಗ ಖಾಸಗಿ ಪಾಲಿಸಿ

ಬೇಕಾದ ಆಸ್ಪತ್ರೆ ಪಟ್ಟಿಯಲ್ಲಿ ಇಲ್ಲ, ಕೈಯಲ್ಲಿ ಸ್ವಲ್ಪ ದುಡ್ಡಿದೆ ಅಂದರೆ ಪಾಲಿಸಿ ತಗೊಳ್ಳಿ. ಚಿಕ್ಕ ವಯಸ್ಸಿನಲ್ಲೇ ತಗೊಂಡರೆ ಕಾಯುವ ಅವಧಿ ಆರೋಗ್ಯ ಚೆನ್ನಾಗಿರುವಾಗಲೇ ಮುಗಿದುಹೋಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿದ್ದ ಶೇ 18ರ ಜಿಎಸ್‌ಟಿ ಪೂರ್ತಿ ಹೋಗಿದೆ.

ಪಾಲಿಸಿಯಲ್ಲಿ ಮೊದಲು ರೂಮ್ ಬಾಡಿಗೆಯ ಸಾಲು ಓದಿ. 2021ರಲ್ಲಿ ಅಪ್ಪನಿಗೆ ಸ್ಟೆಂಟ್ ಹಾಕಿಸಿದಾಗ ನಾವು ಅದನ್ನು ಓದಿರಲಿಲ್ಲ. 3 ಲಕ್ಷದ ಪಾಲಿಸಿ, ರೂಮಿಗೆ ದಿನಕ್ಕೆ ಅದರ ಶೇ 1ರ ಮಿತಿ, ಅಂದರೆ 3,000. ನಾವು ಹಿಡಿದದ್ದು 6,000ದ ರೂಮು, ನಾಲ್ಕು ದಿನ. ದಿನಕ್ಕೆ 3,000 ಕೈಯಿಂದ ಹಾಕಿದರಾಯಿತು ಅಂದುಕೊಂಡಿದ್ದೆವು. ಆದರೆ ರೂಮು ಮಿತಿಯ ಎರಡು ಪಟ್ಟು ಇದ್ದದ್ದರಿಂದ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಎಲ್ಲ ಸೇರಿ ಆದ 1,20,000ದಲ್ಲೂ ಅರ್ಧ ಕತ್ತರಿಸಿದರು. ಔಷಧ ಮತ್ತು ಸ್ಟೆಂಟಿನ 80,000 ಮಾತ್ರ ಪೂರ್ತಿ ಬಂತು. ಒಟ್ಟು 2,24,000ದ ಬಿಲ್ಲಿನಲ್ಲಿ 72,000 ನಮ್ಮ ತಲೆಗೆ. ಬಿಲ್ ಕೌಂಟರಿನ ಮುಂದೆ ಅಮ್ಮ ಕೈಬಳೆ ತಿರುಗಿಸುತ್ತಾ ನಿಂತದ್ದು ಈಗಲೂ ನೆನಪಿದೆ. ರೂಮ್ ಮಿತಿ ಇಲ್ಲದ ಪಾಲಿಸಿಗೆ ಪ್ರೀಮಿಯಂ ಸ್ವಲ್ಪ ಜಾಸ್ತಿ ಆದರೂ ಅದನ್ನೇ ತಗೊಳ್ಳಿ.

ಅರ್ಜಿಯಲ್ಲಿ ಶುಗರ್, ಬಿಪಿ ಏನಿದ್ದರೂ ಬರೆಯಿರಿ. 'ಅದೆಲ್ಲ ಬೇಡ ಬಿಡಿ' ಅನ್ನುವ ಏಜೆಂಟರ ಮಾತು ಕೇಳಬೇಡಿ. ಕ್ಲೇಮ್ ತಿರಸ್ಕಾರವಾದ ದಿನ ಅವರು ಪಕ್ಕದಲ್ಲಿ ಇರುವುದಿಲ್ಲ. ಪಾಲಿಸಿ ಕೈಗೆ ಬಂದ ಮೇಲೆ 30 ದಿನದೊಳಗೆ ಬೇಡ ಅನಿಸಿದರೆ ವಾಪಸ್ ಕೊಡಬಹುದು.

6. ಕ್ಲೇಮ್ ನಿಂತರೆ

ಬಿಲ್ಲನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವ ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್‌ಗೆ ಮೂರು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು. ಇದು 2024ರ ನಿಯಮ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಕಂಪನಿಗೆ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಇಂಥ ದೂರು ಕೇಳಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಮುಂಬೈ ಕಚೇರಿ ಸಾಂತಾಕ್ರೂಜ್ ಪಶ್ಚಿಮದಲ್ಲಿದೆ. ಫೀಸಿಲ್ಲ, ವಕೀಲರು ಬೇಕಿಲ್ಲ.

ಫುಲೆ ಯೋಜನೆಯ ಸಹಾಯವಾಣಿ 155388, ಆಯುಷ್ಮಾನ್‌ನದು 14555. ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ರಾತ್ರಿ ಎರಡು ಗಂಟೆಗೆ ಎದೆನೋವು ಬಂದಾಗ ಮೊಬೈಲಿನಲ್ಲಿ ಹುಡುಕುತ್ತಾ ಕೂರಲು ಆಗುವುದಿಲ್ಲ.