ಒಬ್ಬ ನಟನಿಗಾಗಿ ಮೂರು ಸೀಸನ್

ನಮ್ಮಪ್ಪ ಕಪ್ಪು ಬಿಳುಪಿನ ಕಾಲದ ಎಷ್ಟೋ ಸಿನಿಮಾಗಳನ್ನು ನರಸಿಂಹರಾಜು ಇದ್ದಾರೆ ಅನ್ನೋ ಒಂದೇ ಕಾರಣಕ್ಕೆ ನೋಡಿದವರು. ಕಥೆ ಏನು ಅಂತ ಕೇಳಿದರೆ ಅವರಿಗೆ ನೆನಪಿರುತ್ತಿರಲಿಲ್ಲ. ನರಸಿಂಹರಾಜು ಹೇಗೆ ಬೆಚ್ಚಿದರು, ಹೇಗೆ ತಿರುಗಿದರು ಅನ್ನೋದನ್ನು ಮಾತ್ರ ಎದ್ದು ನಿಂತು ಮಾಡಿ ತೋರಿಸುತ್ತಿದ್ದರು. ಆ ಅಭ್ಯಾಸ ನನಗೂ ಬಂದಿದೆ. ಇಲ್ಲಿ ನ್ಯೂಜೆರ್ಸಿಯಲ್ಲಿ ಕೂತು ನಾನು 'ನೈಟ್ ಕೋರ್ಟ್' ಅನ್ನೋ ಅಮೆರಿಕನ್ ಹಾಸ್ಯ ಧಾರಾವಾಹಿಯ ಮೂರು ಸೀಸನ್ ನೋಡಿದ್ದು ನಟ ಜಾನ್ ಲ್ಯಾರೊಕೆಟ್ ಅವರಿಗಾಗಿ.

ಮ್ಯಾನ್‌ಹಟನ್‌ನಲ್ಲಿ ರಾತ್ರಿ ಹೊತ್ತು ನಡೆಯುವ ಒಂದು ಕೋರ್ಟಿನ ಕಥೆ ಅದು. ಎನ್‌ಬಿಸಿ ಚಾನೆಲ್‌ನಲ್ಲಿ 1984ರಿಂದ 1992ರವರೆಗೆ ಒಂಬತ್ತು ಸೀಸನ್ ಓಡಿತು. ಲ್ಯಾರೊಕೆಟ್ ಅದರಲ್ಲಿ ಡ್ಯಾನ್ ಫೀಲ್ಡಿಂಗ್ ಅನ್ನೋ ಸರ್ಕಾರಿ ವಕೀಲ. ದುಡ್ಡಿನ ಆಸೆ, ಹೆಂಗಸರ ಹುಚ್ಚು, ಬಾಯಿ ತುಂಬ ಕೊಂಕು. ಆ ಪಾತ್ರಕ್ಕೆ 1985ರಿಂದ 1988ರವರೆಗೆ ಸತತ ನಾಲ್ಕು ವರ್ಷ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿ ಬಂತು. ಆಮೇಲೆ ನನ್ನ ಹೆಸರು ಪರಿಗಣಿಸಬೇಡಿ ಅಂತ ಅವರೇ ಹೇಳಿಬಿಟ್ಟರು. 2023ರಲ್ಲಿ ಧಾರಾವಾಹಿ ಮತ್ತೆ ಶುರುವಾಯಿತು. ನಾನು ನೋಡಿದ ಮೂರು ಸೀಸನ್ ಈ ಹೊಸದರದ್ದು. ಹಳೆಯ ಜಡ್ಜ್ ಹ್ಯಾರಿಯ ಮಗಳು ಆ್ಯಬಿ ಈಗ ಜಡ್ಜ್. ಡ್ಯಾನ್ ವಾಪಸ್ ಬರುತ್ತಾನೆ, ಆದರೆ ಈ ಸಲ ವಕೀಲರನ್ನು ಇಡುವ ಶಕ್ತಿ ಇಲ್ಲದ ಆರೋಪಿಗಳ ಪರವಾಗಿ.

ನಿಜ ಹೇಳಬೇಕು ಅಂದರೆ ಹೊಸ ಸರಣಿ ಸಾಧಾರಣ. ಎಲ್ಲರೂ ಒಳ್ಳೆಯವರು, ಎಲ್ಲ ತೊಂದರೆಯೂ ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಮುಗಿಯುತ್ತೆ. ಒಂದು ತಮಾಷೆ ಹೇಳಿ, ಮುಂದಿನ ಮಾತಿನಲ್ಲೇ ಅದನ್ನು ಬಿಡಿಸಿ ಹೇಳುತ್ತಾರೆ. ನನ್ನ ಹೆಂಡತಿ ಎರಡನೇ ಎಪಿಸೋಡ್‌ಗೇ ಎದ್ದಳು. "ಇದನ್ನ ಯಾಕ್ರೀ ನೋಡ್ತೀರಾ?" ಅಂದಳು.

ನನಗೆ ಕಾರಣ ಇತ್ತು. ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಒಂದು ಹಾಸ್ಯ ನಾಟಕ ಆಡುತ್ತೇವೆ. ಅದರಲ್ಲಿ ನಾನು ಮಾವನೋ ಮನೆ ಮಾಲೀಕನೋ ಆಗಿರುತ್ತೇನೆ. ಆ ವರ್ಷ ತಾಲೀಮಿನಲ್ಲಿ ನಿರ್ದೇಶಕರು ನನ್ನನ್ನು ಪಕ್ಕಕ್ಕೆ ಕರೆದರು. "ಎದುರಿನವರು ಮಾತಾಡ್ತಿರೋವಾಗ ನೀವು ಕೇಳಿಸ್ಕೊಳ್ತಾ ಇಲ್ಲ ಸಾರ್. ನಿಮ್ಮ ಡೈಲಾಗ್ ಯಾವಾಗ ಬರುತ್ತೆ ಅಂತ ಕಾಯ್ತಾ ಇದೀರಾ" ಅಂದರು. ಆ ಮಾತು ಮನಸ್ಸಿಗೆ ನಾಟಿತು.

ಹಾಗಾಗಿ ಊಟವಾದ ಮೇಲೆ ದಿನಕ್ಕೊಂದು ಎಪಿಸೋಡ್ ನೋಡತೊಡಗಿದೆ. ಮೊದಲು ಸುಮ್ನೆ ಪೂರ್ತಿ ನೋಡುವುದು. ಆಮೇಲೆ ಡ್ಯಾನ್ ಇರುವ ಒಂದೇ ದೃಶ್ಯ ಆರಿಸಿ, ಧ್ವನಿ ನಿಲ್ಲಿಸಿ, ಅವರೊಬ್ಬರನ್ನೇ ನೋಡುವುದು. ಅದರಲ್ಲೂ ಮಾತು ಬೇರೆಯವರದ್ದಾಗಿರುವಾಗ. ಅಲ್ಲೇ ಎಲ್ಲ ಇರೋದು! ಆರಡಿಗೂ ಜಾಸ್ತಿ ಎತ್ತರದ ಮನುಷ್ಯ, ಹೆಚ್ಚು ಅಲುಗಾಡುವುದೇ ಇಲ್ಲ. ಎದುರಿನವರ ಮಾತು ಕಿವಿಗೆ ಬಿತ್ತು, ಅರ್ಥವಾಯಿತು, ಬೇಸರ ತಂತು, ಹೇಳಲೋ ಬೇಡವೋ ಅಂತ ಯೋಚಿಸಿದ, ಹೇಳಿಯೇ ಬಿಡೋಣ ಅಂತ ತೀರ್ಮಾನಿಸಿದ: ಇಷ್ಟೂ ಮುಖದಲ್ಲಿ ಒಂದರ ಹಿಂದೆ ಒಂದು ಹಾದುಹೋಗುತ್ತೆ. ಆಮೇಲೆ ಮಾತು ಬರುತ್ತೆ. ಆ ಮಾತು ಬರೆದವರು ಅಷ್ಟೇನೂ ಚೆನ್ನಾಗಿ ಬರೆದಿರುವುದಿಲ್ಲ. ಆದರೂ ನಗು ಬರುತ್ತೆ, ಯಾಕೆಂದರೆ ಅವರು ಅದನ್ನು ಆ ಕ್ಷಣದಲ್ಲಿ ಯೋಚಿಸಿ ಹೇಳಿದ ಹಾಗಿರುತ್ತೆ.

ಬರವಣಿಗೆ ಗಟ್ಟಿಯಾಗಿರುವ ಧಾರಾವಾಹಿಯಲ್ಲಿ ಇದು ನನಗೆ ಕಾಣುತ್ತಲೇ ಇರಲಿಲ್ಲ. ಅಲ್ಲಿ ನಗು ಮಾತಿನಿಂದ ಬಂತೋ ನಟನಿಂದ ಬಂತೋ ಹೇಳೋದು ಕಷ್ಟ ಅಲ್ವಾ? ಇಲ್ಲಿ ಆ ಅನುಮಾನವೇ ಇಲ್ಲ.

ಹಳೆಯ ಸರಣಿಯನ್ನೂ ಹುಡುಕಿ ನೋಡಿದೆ. ಆ ಕಾಲದ ಡ್ಯಾನ್ ಹೆಂಗಸರ ಹಿಂದೆ ಬೀಳುವ ದೃಶ್ಯಗಳು ಇವತ್ತು ಕಸಿವಿಸಿ ತರುತ್ತವೆ. ಆದರೆ ಆಗ ಅವರ ಮೈಯೆಲ್ಲ ನಟಿಸುತ್ತಿತ್ತು. 2023ರ ಹೊತ್ತಿಗೆ ಅವರಿಗೆ 75 ವಯಸ್ಸು. ಮೈ ಮಾಡುತ್ತಿದ್ದ ಕೆಲಸವನ್ನು ಈಗ ಕಣ್ಣು ಮತ್ತು ಆ ದಪ್ಪ ದನಿ ಮಾಡುತ್ತವೆ. ಹೊಸ ಸರಣಿಯ ಮೊದಲ ಎಪಿಸೋಡ್‌ನಲ್ಲಿ ಡ್ಯಾನ್ ಹೆಂಡತಿಯನ್ನು ಕಳೆದುಕೊಂಡ ಒಂಟಿ ಮುದುಕ. ಗೆಳೆಯ ಹ್ಯಾರಿಯೂ ಇಲ್ಲ. ಹ್ಯಾರಿಯ ಪಾತ್ರ ಮಾಡಿದ್ದ ಹ್ಯಾರಿ ಆ್ಯಂಡರ್ಸನ್ 2018ರಲ್ಲೇ ತೀರಿಕೊಂಡಿದ್ದರು. 2021ರಲ್ಲಿ ಹಳೆಯ ಸರಣಿಯ ಸಹನಟರಾದ ಮಾರ್ಕಿ ಪೋಸ್ಟ್ ಮತ್ತು ಚಾರ್ಲ್ಸ್ ರಾಬಿನ್ಸನ್ ಕೂಡ ಹೋದರು. ಅದು ಗೊತ್ತಿದ್ದು ನೋಡುವಾಗ ಆ ಕೋರ್ಟಿನಲ್ಲಿ ಲ್ಯಾರೊಕೆಟ್ ಸುಮ್ಮನೆ ನಿಂತರೂ ನನಗೆ ಗಂಟಲು ಕಟ್ಟುತ್ತಿತ್ತು.

ತಾಲೀಮಿನಲ್ಲಿ ಮೊದಲು ನಾನು ಅವರ ಹುಬ್ಬು ಏರಿಸುವುದನ್ನು ನಕಲು ಮಾಡಿದೆ. ಕೆಲಸ ಮಾಡಲಿಲ್ಲ. ನಿರ್ದೇಶಕರು ತಲೆ ಅಲ್ಲಾಡಿಸಿದರು. ಆಮೇಲೆ ಹುಬ್ಬು ಬಿಟ್ಟು, ಎದುರಿನ ಹುಡುಗಿಯ ಮಾತನ್ನು ಅವತ್ತೇ ಮೊದಲ ಸಲ ಕೇಳಿದ ಹಾಗೆ ಕೇಳಲು ಕಲಿತೆ. ಇದಕ್ಕೆ ಮೂರು ವಾರ ಹಿಡಿಯಿತು. ಎಷ್ಟು ಹೊತ್ತು ಸುಮ್ಮನಿರಬೇಕು ಅಂತ ಎಣಿಸುವುದನ್ನೂ ಬಿಟ್ಟೆ. ಎಣಿಸಿದರೆ ಕೇಳಿಸಿಕೊಳ್ಳಲು ಆಗುವುದಿಲ್ಲ. ನಾಟಕದ ದಿನ, ಸೊಸೆ "ಮಾವ, ಮನೆ ಮಾರಿಬಿಟ್ವಿ" ಅಂದಾಗ ನಾನು ಬಾಯಿ ತೆರೆಯುವ ಮೊದಲೇ ಮೂರನೇ ಸಾಲಿನಿಂದ ನಗು ಬಂತು. ಅದು ಹಿಂದಿನ ಸಾಲುಗಳಿಗೆ ಹರಡಿತು. ನನ್ನ ಡೈಲಾಗ್ ಆ ಸದ್ದಿನಲ್ಲಿ ಮುಳುಗಿಹೋಯಿತು, ಅದನ್ನು ಮತ್ತೆ ಹೇಳಲೂ ಇಲ್ಲ.

2025ರಲ್ಲಿ ಮೂರನೇ ಸೀಸನ್‌ಗೇ ಧಾರಾವಾಹಿ ನಿಂತುಹೋಯಿತು. ಈಗ ಮೊದಲಿನಿಂದ ಮತ್ತೆ ನೋಡುತ್ತಿದ್ದೇನೆ. ಹೆಂಡತಿ ಪಕ್ಕದಲ್ಲಿ ಕೂರುವುದಿಲ್ಲ. ಆದರೆ ಅಡುಗೆಮನೆಯಿಂದ ಕೂಗುತ್ತಾಳೆ, "ಆ ಉದ್ದದವರು ಬಂದ್ರೆ ಕರೀರಿ."