ಮುರುಗಲು ಸಿಪ್ಪೆಯ ಸತ್ವ ತೆಗೆಯುವುದು ಹೇಗೆ?

ಸಾಗರ, ಹೊಸನಗರದ ಕಡೆ ಏಪ್ರಿಲ್–ಮೇ ಬಂತೆಂದರೆ ಮುರುಗಲು (ಪುನರ್ಪುಳಿ, ಕೋಕಂ) ಹಣ್ಣಾಗುತ್ತದೆ. ಸಿಪ್ಪೆ ಸಾರಿಗೆ, ಪಾನಕಕ್ಕೆ, ಬೀಜ ತುಪ್ಪಕ್ಕೆ. ಪದವಿ ವಿದ್ಯಾರ್ಥಿಗಳ ಪ್ರಾಜೆಕ್ಟಿಗೂ ಈ ಸಿಪ್ಪೆ ಹೇಳಿ ಮಾಡಿಸಿದ್ದು. ಅದರಲ್ಲಿರುವ ಎರಡು ಮುಖ್ಯ ಆ್ಯಂಟಿಆಕ್ಸಿಡೆಂಟ್‌ಗಳ ಸ್ವಭಾವವೇ ಬೇರೆ ಬೇರೆ. ಕೆಂಪು ಬಣ್ಣದ ಆಂಥೋಸಯಾನಿನ್ ನೀರಿನಲ್ಲೇ ಬಿಟ್ಟುಕೊಳ್ಳುತ್ತದೆ. ಹಳದಿ ಗಾರ್ಸಿನಾಲ್ ನೀರಿಗೆ ಜಗ್ಗುವುದಿಲ್ಲ, ಅದಕ್ಕೆ ಆಲ್ಕೋಹಾಲೇ ಆಗಬೇಕು. ಹಾಗಾಗಿ 70 ಭಾಗ ಎಥೆನಾಲ್, 30 ಭಾಗ ನೀರು ಬೆರೆಸಿಕೊಳ್ಳುವುದು ರೂಢಿ.

ನಿಜವಾದ ಕಷ್ಟ ಇರುವುದು ಒಣಗಿಸುವುದರಲ್ಲಿ. ಜೂನ್ ಮಳೆ ಹಿಡಿದ ಮೇಲೆ ಮಲೆನಾಡಿನಲ್ಲಿ ನೆರಳಲ್ಲಿ ಹರವಿದ್ದು ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಹಾಗೆಂದು ಒಲೆಯ ಮೇಲಿನ ಅಟ್ಟಕ್ಕೆ ಹಾಕಬೇಡಿ. ಹೊಗೆಯಲ್ಲೇ ಫೀನಾಲ್‌ಗಳೆಂಬ ಆ್ಯಂಟಿಆಕ್ಸಿಡೆಂಟ್‌ಗಳಿವೆ, ಕೊನೆಗೆ ನೀವು ಅಳೆಯುವುದು ಮುರುಗಲಿನ ಗುಣವೋ ಸೌದೆಯದೋ ತಿಳಿಯದು. ಉಪ್ಪು ಹಾಕಿಟ್ಟ ಸಿಪ್ಪೆಯೂ ಬೇಡ, ಉಪ್ಪಿನ ತೂಕವೂ ಸೇರಿಕೊಳ್ಳುತ್ತದೆ. ಬೀಜ ತೆಗೆದು, ತೆಳ್ಳಗೆ ಸೀಳಿ, 40–45 ಡಿಗ್ರಿಯ ಡ್ರೈಯರ್‌ನಲ್ಲಿಡಿ. ಸಿಪ್ಪೆ ಎಷ್ಟು ಒಣಗಿದರೂ ಚರ್ಮದ ಹಾಗೆ ಬಾಗುವುದರಿಂದ ಕೈಗೆ ಗೊತ್ತಾಗುವುದಿಲ್ಲ. ಎರಡು ಸಲ ತೂಗಿದಾಗ ಒಂದೇ ತೂಕ ಬಂದರೆ ಒಣಗಿದೆ ಎಂದರ್ಥ.

ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ; ಬಿಸಿಯಾದರೆ ಪುಡಿ ಮುದ್ದೆಗಟ್ಟುತ್ತದೆ. 10 ಗ್ರಾಂ ಪುಡಿಗೆ 100 ಮಿ.ಲೀ. ದ್ರಾವಣ ಹಾಕಿ, ಕಂದು ಬಾಟಲಿಯಲ್ಲಿ 24 ಗಂಟೆ ಇಡಿ, ಆಗಾಗ ಕುಲುಕಿ. ವಾಟ್‌ಮನ್ 1ನೇ ನಂಬರಿನ ಕಾಗದದಲ್ಲಿ ಸೋಸಿ, ಮೊದಲೇ ತೂಗಿಟ್ಟ ಬಟ್ಟಲಿಗೆ ಹಾಕಿ, ಆವಿಯನ್ನು ಹೊರಗೆ ಎಳೆದುಹಾಕುವ ಫ್ಯೂಮ್ ಹುಡ್‌ನೊಳಗೆ 50 ಡಿಗ್ರಿ ಮೀರದ ವಾಟರ್ ಬಾತ್‌ನಲ್ಲಿ ಆರಿಸಿ. ಹತ್ತಿರ ಬೆಂಕಿ ಇರಲೇಕೂಡದು. ಸಕ್ಕರೆ ಅಂಶ ಇರುವುದರಿಂದ ಉಳಿಯುವುದು ಪುಡಿಯಲ್ಲ, ಜೋನಿ ಬೆಲ್ಲದಂಥ ಅಂಟು. ತೂಗಿ, ಫ್ರಿಜ್‌ನಲ್ಲಿಡಿ. ಇದು ಪರೀಕ್ಷೆಗೆ ಮಾತ್ರ, ಕುಡಿಯಲಿಕ್ಕಲ್ಲ.

ಇನ್ನು ಸತ್ವದ ಆ್ಯಂಟಿಆಕ್ಸಿಡೆಂಟ್ ಶಕ್ತಿಯ ಪರೀಕ್ಷೆ. ಇದಕ್ಕೆ ಬಳಸುವ ರಾಸಾಯನಿಕ ಡಿಪಿಪಿಎಚ್; ಮೆಥನಾಲ್‌ನಲ್ಲಿ ಕರಗಿಸಿದರೆ ಅದು ಗಾಢ ನೇರಳೆ. ಆ್ಯಂಟಿಆಕ್ಸಿಡೆಂಟ್ ಸೇರಿದರೆ ಹಳದಿಗೆ ತಿರುಗುತ್ತದೆ. ಕತ್ತಲಲ್ಲಿ 30 ನಿಮಿಷ ಇಟ್ಟು, ಬೆಳಕು ಎಷ್ಟು ಹೀರಿಕೊಂಡಿದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 517 ನ್ಯಾನೋಮೀಟರ್ ತರಂಗಾಂತರಕ್ಕೆ ರೀಡಿಂಗ್ ತೆಗೆಯಿರಿ. ರೀಡಿಂಗ್ ಇಳಿದಷ್ಟೂ ಶಕ್ತಿ ಹೆಚ್ಚು. ಜೊತೆಗೆ ಹೋಲಿಕೆಗೆ ವಿಟಮಿನ್ ಸಿ ಇರಲಿ.

ಎಡವುವುದು ಇಲ್ಲೇ: ಮುರುಗಲಿನ ಕೆಂಪು ಕೂಡ ಹೆಚ್ಚುಕಡಿಮೆ ಅದೇ ತರಂಗಾಂತರದ ಬೆಳಕನ್ನು ಹೀರುತ್ತದೆ. ಆದ್ದರಿಂದ ಡಿಪಿಪಿಎಚ್ ಹಾಕದೆ ಬರೀ ಸತ್ವದ ಇನ್ನೊಂದು ಟ್ಯೂಬ್ ಇಟ್ಟುಕೊಂಡು, ಅದರ ರೀಡಿಂಗ್ ಕಳೆಯಿರಿ. ಇಲ್ಲದಿದ್ದರೆ ಒಳ್ಳೆಯ ಸಿಪ್ಪೆಯೂ ಲೆಕ್ಕದಲ್ಲಿ ಸಪ್ಪೆಯಾಗಿ ಕಾಣುತ್ತದೆ.